ಪರ್ಸನಲ್ ಟ್ರೇನರ್ ಗೊತ್ತು ಮಾಡುವುದು ಹೇಗೆ?

ತೋಳಿನ ಗಾತ್ರ ನೋಡಿ ಟ್ರೇನರ್ ಆರಿಸುವವರೇ ಹೆಚ್ಚು. ಆದರೆ ತನ್ನ ಮೈ ಬೆಳೆಸಿಕೊಳ್ಳುವುದು ಬೇರೆ, ಮಂಡಿನೋವಿರುವ ಐವತ್ತು ದಾಟಿದವರಿಂದ ಸ್ಕ್ವಾಟ್ (ಬಸ್ಕಿ) ಮಾಡಿಸುವುದು ಬೇರೆ. ಟ್ರೇನರ್ ನಿಮ್ಮನ್ನು ಏನು ಕೇಳುತ್ತಾರೆ, ಏನು ಬರೆದಿಟ್ಟುಕೊಳ್ಳುತ್ತಾರೆ ಎಂಬುದನ್ನು ಗಮನಿಸಿ.

ಹುಡುಕಾಟಕ್ಕೆ ಮೊದಲು ನಿಮ್ಮ ಅಗತ್ಯ ಬರೆದುಕೊಳ್ಳಿ. ‘ಫಿಟ್ ಆಗಬೇಕು’ ಎಂದರೆ ಸಾಲದು. ‘ಸಕ್ಕರೆ ಕಾಯಿಲೆ ಇದೆ, ಸೊಂಟದ ಸುತ್ತಳತೆ ಇಳಿಯಬೇಕು, ವಾರಕ್ಕೆ 3 ದಿನ ಬೆಳಿಗ್ಗೆ 6ಕ್ಕೆ ಬಿಡುವು’ ಎಂದರೆ ಮಾತು ಮುಂದುವರಿಯುತ್ತದೆ. ಡಿಸ್ಕ್ ತೊಂದರೆ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಮೊದಲು ಫಿಸಿಯೊಥೆರಪಿಸ್ಟ್ ಬಳಿ ಹೋಗಲಿ. ಮಂಗಳೂರು, ಮಣಿಪಾಲದಲ್ಲಿ ಅವರಿಗೇನೂ ಬರವಿಲ್ಲ.

ಜಿಮ್‌ನ ಟ್ರೇನರ್ ಆದರೆ ನೀವು ಹೋಗಲಿರುವ ಹೊತ್ತಿಗೇ ಹೋಗಿ ಕಾಲು ಗಂಟೆ ಸುಮ್ಮನೆ ನೋಡಿ. ಒಂದೇ ಸಮಯಕ್ಕೆ ಮೂವರನ್ನು ನಿಭಾಯಿಸುತ್ತಾ ನಡುವೆ ಮೊಬೈಲ್ ತೀಡುವವರಿಗೆ ‘ಪರ್ಸನಲ್’ ಶುಲ್ಕ ಕೊಡುವುದರಲ್ಲಿ ಅರ್ಥವಿಲ್ಲ. ಮಂಗಳೂರಿನ ಕದ್ರಿ ಪಾರ್ಕ್, ಉಡುಪಿಯ ಅಜ್ಜರಕಾಡು ಮೈದಾನದಂಥ ಬಯಲಿನಲ್ಲಿ ಕಲಿಯುವುದಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಏನು ವ್ಯವಸ್ಥೆ ಎಂದು ಮೊದಲೇ ಕೇಳಿ.

ಪ್ರಮಾಣಪತ್ರವನ್ನು ಗೋಡೆಯ ಮೇಲೆ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಟ್ರೇನರ್‌ಗಳಿಗೆ ಪ್ರಮಾಣಪತ್ರ ಕೊಡುವ ಅಮೆರಿಕದ ಸಂಸ್ಥೆಗಳಲ್ಲಿ ಎಸಿಇ, ಎನ್‌ಎಎಸ್‌ಎಂನವುಗಳನ್ನು 2 ವರ್ಷಕ್ಕೊಮ್ಮೆ, ಎಸಿಎಸ್‌ಎಂನದ್ದನ್ನು 3 ವರ್ಷಕ್ಕೊಮ್ಮೆ ನವೀಕರಿಸಬೇಕು. ಹಾಗಾಗಿ ದಿನಾಂಕ ನೋಡಿ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಗಟ್ಟಿಯಾದದ್ದೇ, ಆದರೆ ಅದು ಕ್ರೀಡಾ ಕೋಚ್‌ಗಳಿಗಾಗಿ ಇರುವ ಓದು. ರೋಗಿಗಳೊಂದಿಗೆ ಕೆಲಸ ಮಾಡಿದ ಅನುಭವವನ್ನು ಬೇರೆಯಾಗಿ ವಿಚಾರಿಸಿ. ಇನ್ನೊಂದು ಸುಲಭ ಪರೀಕ್ಷೆ: ಹೃದಯ ನಿಂತವರಿಗೆ ಮಾಡುವ ಪ್ರಥಮ ಚಿಕಿತ್ಸೆಯಾದ ಸಿಪಿಆರ್‌ನಲ್ಲಿ ನಿಮಿಷಕ್ಕೆ ಎಷ್ಟು ಸಲ ಎದೆ ಒತ್ತಬೇಕು? 100ರಿಂದ 120 ಎಂಬ ಉತ್ತರ ತಡವರಿಸದೆ ಬರಬೇಕು.

ಟ್ರಯಲ್ ಸೆಷನ್ ಇಲ್ಲದೆ ಹಣ ಕೊಡಬೇಡಿ. ಆ ದಿನ ಡಂಬೆಲ್‌ಗಿಂತ ಮೊದಲು ಪೆನ್ನು ಹೊರಬರಬೇಕು: ಎದೆನೋವು, ತಲೆಸುತ್ತು, ಬಿ.ಪಿ., ಹಳೆಯ ಪೆಟ್ಟು, ತೆಗೆದುಕೊಳ್ಳುತ್ತಿರುವ ಮಾತ್ರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರನ್ನು ‘ಬೆಳಿಗ್ಗೆ ಏನು ತಿಂದಿರಿ’ ಎಂದು ಕೇಳದವರು ಅಪಾಯಕಾರಿ. ವ್ಯಾಯಾಮದ ನಡುವೆ ಸಕ್ಕರೆ ಮಟ್ಟ ಕುಸಿಯಬಹುದು. ಆಮೇಲೆ ಭಾರವಿಲ್ಲದ ಸ್ಕ್ವಾಟ್, ಗೋಡೆಗೆ ಕೈಯೂರಿ ಪುಷ್‌ಅಪ್, ಕೈ ಮೇಲೆತ್ತಿಸಿ ಭುಜದ ಚಲನೆ ನೋಡುವುದು. ಇಷ್ಟೇ ಮೊದಲ ದಿನಕ್ಕೆ ಸಾಕು.

ಎಡವಟ್ಟು ಆಗುವುದೂ ಇಲ್ಲಿಯೇ. ಮೆಚ್ಚಿಸುವ ಹುಮ್ಮಸ್ಸಿನಲ್ಲಿ ಮೊದಲ ದಿನವೇ 100 ಸ್ಕ್ವಾಟ್ ಹೊಡೆಸುವವರಿದ್ದಾರೆ. ಮರುದಿನ ಮೆಟ್ಟಿಲಿಳಿಯಲು ಪರದಾಟ. 2–3 ದಿನದ ನೋವು ಸಹಜ. ಆದರೆ ಸ್ನಾಯು ಊದಿಕೊಂಡು ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಒಡೆದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ‘ಬೆವರು ಸುರಿದರೆ ಕೊಬ್ಬು ಕರಗುತ್ತದೆ’ ಎನ್ನುವವರನ್ನೂ ನಂಬಬೇಡಿ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರದೆ ಮೈ ಬಿಸಿ ಏರುತ್ತದೆ, ಅಷ್ಟೇ. ಆಗ ಇಳಿದ ತೂಕ ನೀರು ಕುಡಿದೊಡನೆ ವಾಪಸ್.

ಆಹಾರದ ವಿಷಯಕ್ಕೆ ಬಂದರೆ, ಕುಚ್ಚಲಕ್ಕಿ ಗಂಜಿ ಬಿಡಿಸಿ ದುಬಾರಿ ಪೌಡರ್ ಡಬ್ಬ ಹಿಡಿಸುವವರ ಬಗ್ಗೆ ಎಚ್ಚರ. ಬಂಗುಡೆ, ಮೊಟ್ಟೆ, ಹೆಸರುಕಾಳಿನಲ್ಲಿ ಪ್ರೋಟೀನ್ ಧಾರಾಳ. ಪೌಡರ್ ಬೇಕೇ ಬೇಕೆಂದರೆ ಡಬ್ಬದ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ಮೈ ಬೆಳೆಸುವ ಚುಚ್ಚುಮದ್ದಿನ ಮಾತು ಬಂದರೆ ಅಲ್ಲಿಂದಲೇ ಎದ್ದು ಬನ್ನಿ.

ವರ್ಷದ ಪ್ಯಾಕೇಜ್‌ಗೆ ರಿಯಾಯಿತಿ ಎಷ್ಟೇ ಇರಲಿ, ಮೊದಲು ತಿಂಗಳಿಗೆ 12 ಸೆಷನ್ ಮಾತ್ರ ಖರೀದಿಸಿ, ರಸೀದಿ ಪಡೆಯಿರಿ. ಆ 12ನ್ನು 6 ವಾರದೊಳಗೆ ಮುಗಿಸುವ ಅವಕಾಶ ಕೇಳಿ. ಮದುವೆ, ಭೂತಕೋಲ, ಮಳೆ ಅಂತ ತಪ್ಪುವುದು ಇದ್ದದ್ದೇ. ಎಷ್ಟು ಗಂಟೆ ಮೊದಲು ತಿಳಿಸಿದರೆ ಸೆಷನ್ ಕಡಿತವಾಗದು ಎಂಬುದು ವಾಟ್ಸ್‌ಆ್ಯಪ್‌ನಲ್ಲಾದರೂ ಬರಹದಲ್ಲಿರಲಿ. ಟ್ರೇನರ್ ಕೆಲಸ ಬಿಟ್ಟರೆ ಉಳಿದ ಸೆಷನ್‌ಗಳ ಹಣ ಯಾರು ಹಿಂದಿರುಗಿಸಬೇಕು ಎಂಬುದನ್ನು ಮಾತ್ರ ಟ್ರೇನರ್ ಬಳಿಯಲ್ಲ, ಜಿಮ್ ಮಾಲೀಕರ ಬಳಿಯೇ ಕೇಳಿ ಬರೆಸಿಕೊಳ್ಳಿ.