ಹಳೇ ಮನೆ ಯಾರ ಯಾರ ಕೈ ದಾಟಿ ಬಂತು?

ಚಿಕ್ಕಮಗಳೂರಿನ ಹಳೇ ಬೀದಿಯಲ್ಲಿ ಹೆಂಚಿನ ಮನೆ ಇದೆಯಾ? ಅದರ ಚರಿತ್ರೆ ಹುಡುಕಬೇಕಾ? ಇವತ್ತಿನಿಂದ ಹಿಂದಕ್ಕೆ ಹೋಗಿ.

ಮೊದಲು ನಗರಸಭೆಯಿಂದ ಖಾತಾ ನಕಲು ತೆಗೆಸಿ. ಈಗ ಖಾತೆ ಯಾರ ಹೆಸರಲ್ಲಿದೆ, ಸ್ವತ್ತಿನ ನಂಬರ್ ಏನು ಅಂತ ಗೊತ್ತಾಗುತ್ತದೆ. ಆಮೇಲೆ ಇಸಿ (ಋಣಭಾರ ಪತ್ರ), ಅಂದ್ರೆ ಆ ಸ್ವತ್ತಿನ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ. 2004ರಿಂದ ಈಚೆಗಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಕೊಟ್ಟು ಹಳೇ ಪುಸ್ತಕಗಳಲ್ಲಿ ಹುಡುಕಿಸಬೇಕು. ಇಸಿಯಲ್ಲಿ ಕಾಣುವ ಒಂದೊಂದು ಕ್ರಯಪತ್ರದ ದೃಢೀಕೃತ ನಕಲೂ ತಗೊಳ್ಳಿ, ಯಾಕಂದ್ರೆ ಮಾರಿದವರಿಗೆ ಮನೆ ಹೇಗೆ ಬಂತು ಅನ್ನೋದು ಸಾಮಾನ್ಯವಾಗಿ ಅದರೊಳಗೇ ಬರೆದಿರುತ್ತದೆ, ಅದೇ ಮುಂದಿನ ಕೊಂಡಿ.

ನನಗೆ ತುಂಬಾ ಇಷ್ಟವಾಗುವುದು ಚೆಕ್ಕುಬಂದಿ, ಅಂದ್ರೆ ಪತ್ರದಲ್ಲಿ ಬರೆದಿರುವ ನಾಲ್ಕು ದಿಕ್ಕಿನ ಗಡಿ. ಮನೆ ನಂಬರ್ ಎಷ್ಟೋ ಸಲ ಬದಲಾಗಿರುತ್ತದೆ. ಆದರೆ 'ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಬಾವಿ ಇರುವ ಹಿತ್ತಲು' ಅಂತ ಬರೆದಿದ್ದರೆ ಅದನ್ನು ಹಿಡಿದು ಜಾಗದಲ್ಲೇ ನಿಂತು ನೋಡಬಹುದು, ಅಲ್ವಾ? ಪಕ್ಕದ ಮನೆಯವರ ಪತ್ರವನ್ನೂ ಕೇಳಿ, ಅದರ ಚೆಕ್ಕುಬಂದಿಯಲ್ಲಿ ನಿಮ್ಮ ಮನೆಯ ಹಳೇ ಮಾಲೀಕರ ಹೆಸರಿರಬಹುದು. ತೀರಾ ಹಳೇ ಪತ್ರದಲ್ಲಿ 'ಕಡೂರು ಜಿಲ್ಲೆ' ಅಂತಿದ್ದರೆ ಗಾಬರಿ ಬೇಡ. 1947ರವರೆಗೆ ನಮ್ಮ ಜಿಲ್ಲೆಗೆ ಅದೇ ಹೆಸರು.

ಇಸಿ ಖಾಲಿ ಬಂತು ಅಂತ ಸುಮ್ನೆ ಕೂರಬೇಡಿ. ನೋಂದಣಿ ಆಗದ ಉಯಿಲು, ಪೌತಿ ಖಾತೆ (ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಆಗುವ ಖಾತೆ) ಅದರಲ್ಲಿ ಬರುವುದಿಲ್ಲ. ಅಂಥ ಕಡೆ ವಂಶವೃಕ್ಷ, ಹಳೇ ಕಂದಾಯ ರಸೀದಿ ನೋಡಿ. ಅಜ್ಜಿಯ ಟ್ರಂಕಿನ ತಳವನ್ನೂ ಬಿಡಬೇಡಿ.