ಫೈಲು ಪಕ್ಕಕ್ಕಿಟ್ಟು ದಿನಚರಿ ಕೇಳುತ್ತೇನೆ

ಬೆಳವಣಿಗೆಯ ನ್ಯೂನತೆ ಇರುವ ಮಕ್ಕಳ ಮನೆಗಳಿಗೆ ಹೋಗಿಬರುವುದು ನನ್ನ ವೃತ್ತಿ. ವಿಶೇಷ ಶಿಕ್ಷಕಿಯಾಗಿ ತರಗತಿಯಲ್ಲಿ ಶುರು ಮಾಡಿದವಳು, ಈಗ ಕುಟುಂಬಗಳ ಜೊತೆಗೇ ಕೆಲಸ ಮಾಡುತ್ತೇನೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್ ಎಂದು ಕಾಗದಪತ್ರದಲ್ಲಿ ಏನೇ ಬರೆದಿರಲಿ, ಮೊದಲ ಭೇಟಿಯಲ್ಲಿ ನಾನು ಫೈಲು ತೆರೆಯುವುದಿಲ್ಲ. ಅಷ್ಟರೊಳಗೆ ಮನೆಯವರು ಎಷ್ಟೋ ಮೇಜುಗಳ ಮುಂದೆ ಕುಳಿತು, ಗರ್ಭಿಣಿಯಾಗಿದ್ದ ದಿನಗಳಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿ ದಣಿದಿರುತ್ತಾರೆ. ಹಾಗಾಗಿ, "ಈ ಮನೆಯಲ್ಲಿ ಬೆಳಿಗ್ಗೆ ಮೊದಲು ಏಳುವವರು ಯಾರು? ಆಮೇಲೆ ಏನಾಗುತ್ತದೆ?" ಎಂದು ಮಾತು ತೆಗೆಯುತ್ತೇನೆ.

ಹಲ್ಲುಜ್ಜುವುದು, ಸ್ನಾನ, ಬಟ್ಟೆ, ಊಟ, ಹೊರಗೆ ಹೊರಡುವ ಗಡಿಬಿಡಿ, ಸಂಜೆ, ನಿದ್ದೆ ಹೀಗೆ ಒಂದೊಂದಾಗಿ ದಿನವನ್ನು ನಡೆದುಬರುತ್ತೇವೆ. ಪ್ರತಿ ಹೊತ್ತಿನಲ್ಲೂ ಮೂರು ಸಂಗತಿ ಬರೆದುಕೊಳ್ಳುತ್ತೇನೆ: ಯಾರು ಏನು ಮಾಡುತ್ತಾರೆ, ಮಗು ತಾನಾಗಿ ಎಷ್ಟು ಮಾಡುತ್ತದೆ, ಆ ಹೊತ್ತು ಮನೆಯವರಿಗೆ ಎಷ್ಟು ಸಲೀಸು ಅಥವಾ ಎಷ್ಟು ಸಂಕಟ. ಅಮೆರಿಕದ ತಜ್ಞ ರಾಬಿನ್ ಮ್ಯಾಕ್‌ವಿಲಿಯಂ ರೂಪಿಸಿದ ದಿನಚರಿ ಆಧಾರಿತ ಸಂದರ್ಶನದಿಂದ ಇದನ್ನು ಕಲಿತೆ. ಅದರ ಕೊನೆಗೆ ಬರುವ ಪ್ರಶ್ನೆಗಳಲ್ಲಿ ಎರಡು ನನಗೆ ಬಹಳ ಪ್ರಿಯ. ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ಯಾವ ಚಿಂತೆ ಕಾಡುತ್ತದೆ? ಬದುಕಿನಲ್ಲಿ ಏನನ್ನಾದರೂ ಬದಲಾಯಿಸಬಹುದಾದರೆ ಯಾವುದನ್ನು ಬದಲಾಯಿಸುತ್ತೀರಿ?

ಎರಡನೆಯ ಪ್ರಶ್ನೆಗೆ "ಮಗ ಮಾತನಾಡಬೇಕು" ಎಂಬ ಉತ್ತರವನ್ನೇ ನಿರೀಕ್ಷಿಸಿದ್ದಾಗ ಒಬ್ಬ ತಾಯಿ, "ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಒಂದು ಸ್ನಾನ ಮಾಡಬೇಕು ಮೇಡಂ" ಎಂದರು. ಅದನ್ನೇ ಯೋಜನೆಯ ಮೊದಲ ಗುರಿಯಾಗಿ ಬರೆದೆ. ತಂಡದ ಸಭೆಯಲ್ಲಿ ಇದನ್ನು ಓದಿದಾಗ, ಇದು ಮಗುವಿನ ಗುರಿ ಅಲ್ಲವಲ್ಲ ಎಂದು ಒಬ್ಬರು ಆಕ್ಷೇಪಿಸಿದರು. ನನ್ನ ಪ್ರಕಾರ ಅದು ಅಪ್ಪಟ ಮಗುವಿನ ಗುರಿ. ಅಮ್ಮ ಕಣ್ಣಿಗೆ ಕಾಣದಿದ್ದಾಗಲೂ ಇದ್ದಾಳೆ, ಮತ್ತೆ ಬರುತ್ತಾಳೆ ಎಂದು ತಿಳಿಯುವುದು, ಕಾಯುವುದು, ಒಬ್ಬನೇ ಆಡುವುದು, ಎಲ್ಲವೂ ಅದರಲ್ಲಿವೆ.

ಮಾಡಿದ್ದು ಇಷ್ಟು. ಬಚ್ಚಲುಮನೆಯ ಫೋಟೋ ಒಂದು, ಅವನಿಗೆ ಪ್ರಾಣವಾದ ಗುಳ್ಳೆ ಊದುವ ಆಟದ ಫೋಟೋ ಇನ್ನೊಂದು. "ಮೊದಲು ಇದು, ಆಮೇಲೆ ಇದು" ಎಂದು ಎರಡನ್ನೂ ಒಂದು ರಟ್ಟಿಗೆ ಅಂಟಿಸಿದೆವು. ಉಳಿದ ಸಮಯ ಕಣ್ಣಿಗೆ ಕಾಣುವಂತೆ ಕುಗ್ಗುತ್ತಾ ಹೋಗುವ ಟೈಮರ್ ಪಕ್ಕಕ್ಕೆ ಬಂತು. ಮೊದಲಿಗೆ ತಾಯಿ ಬಾಗಿಲು ತೆರೆದೇ ಇಟ್ಟು ಕೈ ತೊಳೆದು ಬರುತ್ತಿದ್ದರು, ಅಷ್ಟೇ. ಬಂದ ಕೂಡಲೇ ಗುಳ್ಳೆ. ನಂತರ ಅರೆತೆರೆದ ಬಾಗಿಲು, ಆಮೇಲೆ ಮುಚ್ಚಿದ ಬಾಗಿಲಿನೊಳಗಿಂದ ಮಾತು, ಕೊನೆಗೆ ಮಾತಿಲ್ಲದ ಸ್ನಾನ. ಟೈಮರ್ ಮುಗಿಯುವ ಮುನ್ನವೇ ತಾಯಿ ಹೊರಗೆ ಬರಬೇಕು ಎಂಬುದೊಂದೇ ಕಟ್ಟುನಿಟ್ಟು. ಹುಡುಗ ಅತ್ತ ಮೇಲೆ ಓಡಿಬಂದರೆ, ಅತ್ತರೆ ಅಮ್ಮ ಬರುತ್ತಾಳೆ ಎಂಬ ಪಾಠವೇ ನಿಲ್ಲುತ್ತದೆ. ಅವನು ಫೋಟೋ ತೋರಿಸಿ ಗುಳ್ಳೆ ಕೇಳುವುದನ್ನು ಕಲಿತದ್ದೂ ಇಲ್ಲಿಯೇ. ಚಿತ್ರ ಕೊಟ್ಟರೆ ಮಗು ಮಾತು ಕಲಿಯುವುದಿಲ್ಲ ಎಂಬ ಭಯ ಅಜ್ಜಿಗೆ ಇತ್ತು. ಬಹಳ ಮನೆಗಳಲ್ಲಿ ಇರುತ್ತದೆ. ಸಂಶೋಧನೆಗಳು ಈ ಭಯವನ್ನು ಬೆಂಬಲಿಸುವುದಿಲ್ಲ. ಚಿತ್ರಗಳಿಂದ ಮಾತು ಹಿಂದೆ ಬೀಳುವುದಿಲ್ಲ, ಕೆಲವು ಮಕ್ಕಳಲ್ಲಿ ಮುಂದಕ್ಕೂ ಬರುತ್ತದೆ.

ಮನೆಯಲ್ಲಿ ಮಾಡಬೇಕಾದ ವ್ಯಾಯಾಮದ ಹಾಳೆಗಳ ಮೇಲೆ ನನಗೆ ಸಿಟ್ಟಿದೆ. ಫಿಸಿಯೋಥೆರಪಿಯವರದು ಒಂದು, ಸ್ಪೀಚ್ ಥೆರಪಿಯವರದು ಒಂದು, ಆಕ್ಯುಪೇಷನಲ್ ಥೆರಪಿಯವರದು ಮತ್ತೊಂದು. ಪ್ರತಿಯೊಬ್ಬರೂ ಕೇಳುವುದು "ಬರೀ ಅರ್ಧ ಗಂಟೆ". ಎಲ್ಲವನ್ನೂ ಕೂಡಿದರೆ ತಾಯಿಗೆ ಉಸಿರಾಡಲು ಬಿಡುವಿಲ್ಲ, ಮಾಡದಿದ್ದರೆ ಮುಂದಿನ ಭೇಟಿಯಲ್ಲಿ ತಪ್ಪಿತಸ್ಥರಂತೆ ನಿಲ್ಲಬೇಕು. ನಾನು ಆ ಹಾಳೆಗಳನ್ನು ಒಟ್ಟುಮಾಡಿ, ದಿನಚರಿಯ ಪಟ್ಟಿಯ ಪಕ್ಕದಲ್ಲಿಟ್ಟು, ಯಾವುದು ಯಾವ ಹೊತ್ತಿನೊಳಗೆ ಸೇರುತ್ತದೆ ಎಂದು ಥೆರಪಿಸ್ಟರ ಜೊತೆ ಕೂತು ಹೊಂದಿಸುತ್ತೇನೆ. ನಿಲ್ಲುವ ಅಭ್ಯಾಸ ಹಲ್ಲುಜ್ಜುವ ಬೇಸಿನ್ನಿನ ಮುಂದೆ ಹೋಗುತ್ತದೆ. ಕೈಕಾಲು ಸಡಿಲಿಸುವುದು ಬಟ್ಟೆ ಬದಲಾಯಿಸುವಾಗ. ಎಲ್ಲಿಯೂ ಸೇರದ್ದನ್ನು, ಇದು ನಿಜಕ್ಕೂ ಬೇಕೇ ಎಂದು ಕೇಳುತ್ತೇನೆ. ಕೆಲವು ಬೇಕೇ ಬೇಕು, ಅನೇಕವು ಬೇಡ.

ಬಟ್ಟೆ ತೊಡುವುದನ್ನು ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸುವುದು ನನ್ನ ರೂಢಿ. ತಲೆ, ತೋಳು ಎಲ್ಲ ನಾವೇ ತೂರಿಸಿ, ಹೊಟ್ಟೆಯ ಮೇಲೆ ಅಂಗಿ ಕೆಳಕ್ಕೆ ಎಳೆಯುವುದನ್ನು ಮಾತ್ರ ಮಗುವಿಗೆ ಬಿಡುತ್ತೇವೆ. ಅದು ಬಂದ ಮೇಲೆ ಅದರ ಹಿಂದಿನ ಹೆಜ್ಜೆ. ಹೀಗಾದರೆ ಕೆಲಸ ಮುಗಿಸಿದ ಖುಷಿ ಪ್ರತಿ ಸಲವೂ ಮಗುವಿಗೇ ಸಿಗುತ್ತದೆ, ತಡವಾಗುತ್ತಿರುವ ಬೆಳಗಿನಲ್ಲೂ ಇದಕ್ಕೆ ಸಮಯ ಇರುತ್ತದೆ. ಒಂದು ವಾರದಲ್ಲಿ ಕೈಗೆಟುಕುವಷ್ಟು ಸಣ್ಣ ಗುರಿಯನ್ನೇ ಆರಿಸಬೇಕು ಎಂಬುದು ಪೋರ್ಟೇಜ್ ಪದ್ಧತಿಯ ಪಾಠ. 1969ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪೋರ್ಟೇಜ್ ಎಂಬ ಊರಿನಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ವಾರಕ್ಕೊಮ್ಮೆ ಬರುವ ಕಾರ್ಯಕರ್ತರು ತಂದೆತಾಯಿಗೆ ಕಲಿಸುತ್ತಾರೆ, ತಂದೆತಾಯಿ ಮಗುವಿಗೆ ಕಲಿಸುತ್ತಾರೆ.

ಬಿಡುವಿನ ವಿಷಯ ಇನ್ನೂ ಸೂಕ್ಷ್ಮ. "ಯಾರ ಬಳಿಯಾದರೂ ಬಿಟ್ಟು ಒಂದು ದಿನ ವಿಶ್ರಾಂತಿ ಪಡೆಯಿರಿ" ಎಂದು ಹೇಳಿಹೋಗುವವರಿಗೆ ಕೊರತೆಯಿಲ್ಲ. ಆ "ಯಾರು" ಎಂಬುವವರನ್ನು ತಯಾರು ಮಾಡುವವರು ಇಲ್ಲ. ಅದಕ್ಕಾಗಿ ಒಂದೇ ಪುಟದ ಪರಿಚಯಪತ್ರ ಬರೆಸುತ್ತೇನೆ. ಮಗು ಹೌದು, ಬೇಡ ಎನ್ನುವುದನ್ನು ಹೇಗೆ ತಿಳಿಸುತ್ತದೆ, ಯಾವ ಸದ್ದಿಗೆ ಹೆದರುತ್ತದೆ, ರಂಪ ಮಾಡಿದಾಗ ಏನು ಮಾಡಬೇಕು, ಏನು ಮಾಡಲೇಬಾರದು, ಯಾವ ಔಷಧಿ ಎಷ್ಟು ಹೊತ್ತಿಗೆ. ಮೂರ್ಛೆ ಬರುವ ಮಗುವಾದರೆ ದಪ್ಪ ಅಕ್ಷರದಲ್ಲಿ: ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ, ಗಡಿಯಾರ ನೋಡಿ, 5 ನಿಮಿಷ ದಾಟಿದರೆ ತುರ್ತು ಸಹಾಯಕ್ಕೆ ಕರೆಮಾಡಿ. ಅತ್ತೆಯೋ ಪಕ್ಕದ ಮನೆಯವರೋ ಮೊದಲು ತಾಯಿ ಇರುವಾಗಲೇ ಮಗುವಿನ ಒಂದು ಊಟ ನೋಡಿಕೊಳ್ಳುತ್ತಾರೆ. ಆಮೇಲೆ ತಾಯಿ ಪಕ್ಕದ ಕೋಣೆಗೆ, ಮುಂದೆ ರಸ್ತೆಯ ತುದಿಗೆ. ಹೊರಗೆ ಹೋದ ಆ ಹೊತ್ತಿನಲ್ಲಿ ಔಷಧಿ ತರುವ ಕೆಲಸ ಹಚ್ಚಿಕೊಳ್ಳುವಂತಿಲ್ಲ ಎಂದು ಷರತ್ತು ಹಾಕುತ್ತೇನೆ. ಹೆಚ್ಚಿನವರು ಮುರಿಯುತ್ತಾರೆ, ಅದು ಬೇರೆ ಮಾತು.

ಅಣ್ಣತಮ್ಮಂದಿರು, ಅಕ್ಕತಂಗಿಯರ ಜೊತೆ ಒಮ್ಮೆಯಾದರೂ ಪ್ರತ್ಯೇಕ ಕೂರುತ್ತೇನೆ. "ಇದು ನನಗೂ ಅಂಟುತ್ತದೆಯೇ?" ಎಂಬ ಪ್ರಶ್ನೆಯನ್ನು ಅವರು ಅಪ್ಪ ಅಮ್ಮನ ಬಳಿ ಕೇಳುವುದಿಲ್ಲ.

ಪೋಷಕರ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಆರೈಕೆದಾರರ ಕೌಶಲ ತರಬೇತಿಯ ಚೌಕಟ್ಟು ಬಳಸುತ್ತೇನೆ: 9 ಗುಂಪು ಸಭೆ, 3 ಮನೆಭೇಟಿ, 2ರಿಂದ 9 ವರ್ಷದ ಮಕ್ಕಳ ಮನೆಯವರಿಗೆ. ರೋಗನಿರ್ಣಯದ ಕಾಗದ ಕೈಗೆ ಬರುವವರೆಗೆ ಕಾಯಬೇಕಿಲ್ಲ ಎಂಬುದೇ ಇದರ ದೊಡ್ಡ ಅನುಕೂಲ. ಕಾಯುವ ಆ ತಿಂಗಳುಗಳಲ್ಲೇ ಮನೆಯವರು ಹೆಚ್ಚು ಒಂಟಿಯಾಗಿರುವುದು. ಗುಂಪಿನಲ್ಲಿ ಒಬ್ಬರಿಗೊಬ್ಬರನ್ನು ಜೊತೆ ಮಾಡುವಾಗ ರೋಗದ ಹೆಸರಿಗಿಂತ ಮನೆಯ ತೊಡಕು ನೋಡುತ್ತೇನೆ. ರಾತ್ರಿ ನಿದ್ದೆಯಿಲ್ಲದ ಎರಡು ಮನೆಗಳಿಗೆ, ಒಂದರಲ್ಲಿ ಆಟಿಸಂ ಇನ್ನೊಂದರಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದರೂ, ಮಾತನಾಡಲು ಬೇಕಾದಷ್ಟು ಇರುತ್ತದೆ. ತಂದೆಯರು ಬರುವುದಿಲ್ಲ ಎಂಬ ದೂರು ಸಭೆಯನ್ನು ಕೆಲಸದ ಹೊತ್ತಿನಿಂದ ಸಂಜೆಗೆ ಹಾಕಿದ ಮೇಲೆ ಅರ್ಧ ಕಡಿಮೆಯಾಯಿತು. ಉಳಿದರ್ಧಕ್ಕೆ, ಬರುವ ತಂದೆಯರ ಕೈಯಲ್ಲೇ ಬಾರದವರಿಗೆ ಫೋನು ಮಾಡಿಸುತ್ತಿದ್ದೇನೆ.