'ಅಲೈವ್ ಆರ್ ಜಸ್ಟ್ ಬ್ರೀದಿಂಗ್' ದಾರಿಯಲ್ಲಿ ಮೆಟಲ್‌ಕೋರ್ ರೆಕಾರ್ಡ್ ಮಾಡುವುದು ಹೇಗೆ

ಕಿಲ್‌ಸ್ವಿಚ್ ಎಂಗೇಜ್ ಎಂಬ ಅಮೆರಿಕದ ಮೆಟಲ್‌ಕೋರ್ (ಹೆವಿ ಮೆಟಲ್‌ಗೆ ಹಾರ್ಡ್‌ಕೋರ್ ಪಂಕ್ ಬೆರೆತ ಸಂಗೀತ) ತಂಡದ 'ಅಲೈವ್ ಆರ್ ಜಸ್ಟ್ ಬ್ರೀದಿಂಗ್' ಆಲ್ಬಮ್ 2002ರ ಮೇ 21ರಂದು ರೋಡ್‌ರನ್ನರ್ ರೆಕಾರ್ಡ್ಸ್‌ನಿಂದ ಹೊರಬಂತು. ಅದರ ಸದ್ದು ತಮಗೂ ಬೇಕು ಅನ್ನಿಸಿದವರ ಕೈ ಮೊದಲು ಹೋಗುವುದು ಆಂಪ್‌ನ ಗೇನ್ ಗುಂಡಿಗೆ. ಆದರೆ ಅಲ್ಲಿನ ತೂಕ ಡಿಸ್ಟಾರ್ಷನ್ನಿನದಲ್ಲ (ಗೇನ್ ಏರಿಸಿದಾಗ ಬರುವ ಒರಟು ಸದ್ದು). ಗಿಟಾರ್, ಬಾಸ್, ಕಿಕ್ (ಕಾಲಿನಿಂದ ಹೊಡೆಯುವ ಡ್ರಮ್) ಮೂರೂ ಒಟ್ಟಿಗೆ ಹೊಡೆದು ಒಟ್ಟಿಗೆ ನಿಲ್ಲುತ್ತವೆ, ಕಿರುಚಿದ ಚರಣದ ಬೆನ್ನಿಗೇ ಹಾಡಿದ ಪಲ್ಲವಿ ಬರುತ್ತದೆ. ಆ ಬಿಗಿ, ಆ ಏರಿಳಿತಗಳಲ್ಲೇ ತೂಕವೆಲ್ಲ ಇದೆ. ಮನೆಯಲ್ಲಿ ಒಂದು ಆಡಿಯೊ ಇಂಟರ್‌ಫೇಸ್, (ವಾದ್ಯ, ಮೈಕ್‌ಗಳನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ) ಒಂದು ಮೈಕ್ ಇಟ್ಟುಕೊಂಡೇ ಅದನ್ನು ಸಾಧಿಸಬಹುದು.

ಹಿನ್ನೆಲೆ ಇಷ್ಟು. ರೆಕಾರ್ಡಿಂಗ್ ನಡೆದದ್ದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್‌ಫೀಲ್ಡ್ ಊರಿನ ಜಿಂಗ್ ಸ್ಟುಡಿಯೊದಲ್ಲಿ. ಬರ್ಕ್‌ಲೀ ಸಂಗೀತ ಕಾಲೇಜಿನಲ್ಲಿ ಓದಿದ್ದ ಆ್ಯಡಮ್ ಡಟ್ಕೆವಿಚ್ ಡ್ರಮ್ಸ್ ನುಡಿಸಿದ್ದೂ ಅಲ್ಲದೆ ನಿರ್ಮಾಪಕನ ಕೆಲಸವನ್ನೂ ಹೊತ್ತ. ಮಿಕ್ಸಿಂಗ್ (ಟ್ರ್ಯಾಕುಗಳನ್ನು ಹದವಾಗಿ ಬೆರೆಸುವ ಕೆಲಸ) ಮಾತ್ರ ಇಂಗ್ಲೆಂಡಿನ ಆ್ಯಂಡಿ ಸ್ನೀಪ್ ಪಾಲಾಯಿತು. ಮುಖ್ಯ ಕಂಠದಲ್ಲಿ ಕಿರುಚಿದ್ದೂ ಹಾಡಿದ್ದೂ ಒಬ್ಬನೇ, ಜೆಸ್ಸಿ ಲೀಚ್.

ತಂತಿ, ಶ್ರುತಿ

ಶ್ರುತಿ ಡ್ರಾಪ್ ಸಿ: ದಪ್ಪ ತಂತಿಯಿಂದ ಸಣ್ಣ ತಂತಿಯವರೆಗೆ ಸಿ, ಜಿ, ಸಿ, ಎಫ್, ಎ, ಡಿ. ಕೆಳಗಿನ ಮೂರು ತಂತಿಗಳನ್ನು ಒಂದೇ ಬೆರಳಲ್ಲಿ ಅದುಮಿದರೆ ಪವರ್ ಕಾರ್ಡ್ ಸಿಗುವುದರಿಂದ ವೇಗದ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಕೈಗೆ ಸುಲಭ.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 10–46 ಸೆಟ್ಟನ್ನೇ (ಅತಿ ಸಣ್ಣ, ಅತಿ ದಪ್ಪ ತಂತಿಗಳ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಇಷ್ಟು ಇಳಿಸಿದರೆ ಆರನೇ ತಂತಿ ಸಡಿಲವಾಗುತ್ತದೆ. ಜೋರಾಗಿ ಮೀಟಿದ ಕ್ಷಣ ಸ್ವರ ಮೇಲೇರಿ, ಆಮೇಲೆ ತನ್ನ ಜಾಗಕ್ಕೆ ಇಳಿಯುತ್ತದೆ. ನಾಲ್ಕು ಟ್ರ್ಯಾಕ್ ಸೇರಿದಾಗ ಇದೇ ಅಪಶ್ರುತಿಯಾಗಿ ಕೇಳಿಸುತ್ತದೆ, ಇಕ್ಯೂ (ತಗ್ಗು, ಮೇಲು ಸ್ವರಗಳ ಮಟ್ಟವನ್ನು ಏರಿಳಿಸುವ ಸಾಧನ) ಎಷ್ಟು ತಿರುಗಿಸಿದರೂ ಹೋಗುವುದಿಲ್ಲ. ಮೀಟುವ ತಂತಿಯ ಉದ್ದ 25.5 ಇಂಚಿರುವ ಗಿಟಾರಿಗೆ 10–52 ಅಥವಾ 11–54, 24.75 ಇಂಚಿನದಕ್ಕೆ 11–56 ಹಾಕಿ. ದಪ್ಪ ತಂತಿ ನಟ್‌ನ (ಗಿಟಾರಿನ ತಲೆಯ ಬಳಿ ತಂತಿ ಕೂರುವ ಪಟ್ಟಿ) ಸೀಳಿನಲ್ಲಿ ಸಿಕ್ಕಿಕೊಂಡು ಟಿಕ್ ಎನ್ನುತ್ತಿದ್ದರೆ ಸೀಳನ್ನು ಅರದಿಂದ ಸ್ವಲ್ಪ ಅಗಲಿಸಬೇಕು. ಕೈ ಪಳಗದವರು ಗಿಟಾರ್ ರಿಪೇರಿಯವರಿಗೆ ಕೊಡುವುದು ಲೇಸು. ಆಮೇಲೆ 12ನೇ ಫ್ರೆಟ್ಟಿನ ಹಾರ್ಮೊನಿಕ್ಕನ್ನೂ (ತಂತಿಗೆ ಬೆರಳು ಹಗುರವಾಗಿ ತಾಗಿಸಿ ಮೀಟಿದ ಸ್ವರ) ಅಲ್ಲೇ ಅದುಮಿದ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಅದುಮಿದ ಸ್ವರ ಏರಿದ್ದರೆ ಸ್ಯಾಡಲ್ (ಇನ್ನೊಂದು ತುದಿಯಲ್ಲಿ ತಂತಿ ಕೂರುವ ತುಣುಕು) ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಶ್ರುತಿ ಕೂಡಿಸುವಾಗ ಮೆಲ್ಲಗೆ ಮೀಟಬೇಡಿ, ರಿಫ್ ನುಡಿಸುವಷ್ಟೇ ಬಲವಾಗಿ ಮೀಟಿ. ಪ್ರತಿ ಟೇಕ್ ಮುಗಿದ ಮೇಲೂ ಮತ್ತೆ ನೋಡಿ.

ಗಿಟಾರ್ ಟ್ರ್ಯಾಕುಗಳು

ಎಡಕ್ಕೊಂದು, ಬಲಕ್ಕೊಂದು, ಎರಡನ್ನೂ ಪೂರ್ತಿ ಅಂಚಿಗೆ ಸರಿಸಿ. ಎರಡೂ ಬೇರೆ ಬೇರೆ ನುಡಿಸಿದವೇ ಆಗಿರಬೇಕು. ಒಂದೇ ಟೇಕನ್ನು ಕಾಪಿ ಮಾಡಿ ಎರಡೂ ಕಡೆ ಇಟ್ಟರೆ ಸದ್ದು ನಡುವಿಗೇ ಬಂದು ಕೂರುತ್ತದೆ, ಅಗಲ ಸಿಗುವುದಿಲ್ಲ. ನಾಲ್ಕು ಟ್ರ್ಯಾಕ್ ಬೇಕಿದ್ದರೆ ಎರಡನೇ ಜೋಡಿಯನ್ನು ಸುಮಾರು 6 ಡೆಸಿಬಲ್ ಕೆಳಗಿಡಿ, ಗೇನನ್ನೂ ಕಡಿಮೆ ಮಾಡಿ. ಇಬ್ಬರು ಗಿಟಾರಿಗರ ಕೈ ಹೊಂದದಿದ್ದರೆ ಒಬ್ಬನೇ ಎಲ್ಲ ರಿದಮ್ ಟ್ರ್ಯಾಕ್ ನುಡಿಸಲಿ. ಇದರಲ್ಲಿ ಅವಮಾನವೇನಿಲ್ಲ, ಬಿಗಿ ಮುಖ್ಯ.

ಆಂಪ್ ಪೀವಿ 5150 ಬಗೆಯದಿರಲಿ. ಸಾಫ್ಟ್‌ವೇರ್ ರೂಪದ್ದೂ ಸಾಕು. ಅದರ ಮುಂದೆ ಟ್ಯೂಬ್ ಸ್ಕ್ರೀಮರ್ ಬಗೆಯ ಪೆಡಲ್ ಇಟ್ಟು ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ಅರ್ಧ. ಪೆಡಲ್ ಇಲ್ಲಿ ಡಿಸ್ಟಾರ್ಷನ್‌ಗಾಗಿ ಇರುವುದಲ್ಲ. ಆಂಪ್ ಒಳಕ್ಕೆ ಹೋಗುವ ಮೊದಲೇ ಅದು ತಗ್ಗು ಸ್ವರಗಳನ್ನು ಕತ್ತರಿಸುತ್ತದೆ, ಹಾಗಾಗಿ ಪಾಮ್ ಮ್ಯೂಟ್ (ಅಂಗೈ ಅಂಚಿನಿಂದ ತಂತಿ ಅದುಮಿ ಮೀಟುವುದು) ಗೊಜಗೊಜ ಎನ್ನದೆ ಗಟ್ಟಿಯಾಗಿ ಬೀಳುತ್ತದೆ. ಆಂಪ್ ಗೇನ್ ಹತ್ತರಲ್ಲಿ ನಾಲ್ಕೈದು ಸಾಕು. ಒಂಟಿಯಾಗಿ ಕೇಳಿದಾಗ ಕಡಿಮೆ ಅನ್ನಿಸುತ್ತದೆ, ಟ್ರ್ಯಾಕುಗಳು ಸೇರಿದಾಗ ಸರಿಹೋಗುತ್ತದೆ. ಆಂಪ್ ಇಲ್ಲದ ಶುದ್ಧ ಡಿಐ ಸಿಗ್ನಲ್ಲನ್ನೂ ಜೊತೆಗೇ ರೆಕಾರ್ಡ್ ಮಾಡಿಟ್ಟರೆ ನಾಳೆ ಟೋನ್ ಹಿಡಿಸದಿದ್ದಾಗ ಮತ್ತೆ ನುಡಿಸುವ ಪ್ರಮೇಯವಿಲ್ಲ.

ಹಮ್ ಬರುತ್ತಿದ್ದರೆ ನಾಯ್ಸ್ ಗೇಟ್ (ಮೆಲ್ಲನೆಯ ಸದ್ದನ್ನು ಮುಚ್ಚಿಹಾಕುವ ಸಾಧನ) ಹುಡುಕುವ ಮೊದಲು ಗೋಡೆಯ ಸಾಕೆಟ್ ನೋಡಿ. ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ಅಡಾಪ್ಟರಿಗೆ ಲ್ಯಾಪ್‌ಟಾಪ್ ಹಾಕಿದಾಗ ಈ ಕಾಟ ಹೆಚ್ಚು.

ಮಿಕ್ಸಿನಲ್ಲಿ ಗಿಟಾರನ್ನು 80–100 ಹರ್ಟ್ಸ್ ಕೆಳಗೆ, 10 ಕಿಲೊಹರ್ಟ್ಸ್ ಮೇಲೆ ಕತ್ತರಿಸಿ. ಪಾಮ್ ಮ್ಯೂಟ್ ಮಾಡಿದಾಗಲೆಲ್ಲ 80–250 ಹರ್ಟ್ಸ್ ನಡುವೆ ಒಂದು ಉಬ್ಬು ಏಳುತ್ತದೆ. ಅದಕ್ಕೆ ಸ್ನೀಪ್ ಹೆಸರಿನಲ್ಲೇ ಹರಡಿರುವ ಉಪಾಯವಿದೆ: ಆ ಪಟ್ಟಿಗೆ ಮಾತ್ರ ಮಲ್ಟಿಬ್ಯಾಂಡ್ ಕಂಪ್ರೆಸರ್ (ಆಯ್ದ ಪಟ್ಟಿಯಲ್ಲಿ ಜೋರಾದದ್ದನ್ನು ತಾನೇ ತಗ್ಗಿಸುವ ಸಾಧನ) ಹಾಕಿ, ಉಬ್ಬಿದಾಗ 3–5 ಡೆಸಿಬಲ್ ತಗ್ಗುವ ಹಾಗೆ ಹೊಂದಿಸುವುದು. ಮಾಮೂಲಿ ಇಕ್ಯೂನಿಂದ ಕತ್ತರಿಸಿದರೆ ಎಳೆದ ಕಾರ್ಡುಗಳೂ ಸೊರಗುತ್ತವೆ.

ಬಾಸ್ ಮತ್ತು ಡ್ರಮ್ಸ್

ಬಾಸಿನ ಡಿಐ ಟ್ರ್ಯಾಕನ್ನು ಎರಡು ಮಾಡಿ. ಒಂದರಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನದನ್ನಷ್ಟೇ ಉಳಿಸಿ ಬಲವಾಗಿ ಕಂಪ್ರೆಸ್ ಮಾಡಿ. ಇನ್ನೊಂದರಲ್ಲಿ 300 ಹರ್ಟ್ಸ್‌ಗಿಂತ ಮೇಲಿನದಕ್ಕೆ ಡಿಸ್ಟಾರ್ಷನ್ ಕೊಡಿ. ಎರಡೂ ಸೇರಿದಾಗ ಬಾಸ್ ದಪ್ಪವಾಗುವ ಬದಲು ತೆಳುವಾದರೆ ಫೇಸ್ ಕೆಟ್ಟಿದೆ, ಅಂದರೆ ಎರಡರ ಅಲೆಗಳು ಒಂದನ್ನೊಂದು ಅಳಿಸುತ್ತಿವೆ ಎಂದರ್ಥ. ಪೊಲಾರಿಟಿ ತಿರುಗಿಸಿ ನೋಡಿ, ಇಲ್ಲವೇ ಪ್ಲಗಿನ್ ತಡ ಮಾಡಿದಷ್ಟು ಒಂದು ಟ್ರ್ಯಾಕನ್ನು ಸರಿಸಿ.

ಡ್ರಮ್ಸ್ ಸಾಫ್ಟ್‌ವೇರಿನದಾದರೆ ಎಲ್ಲ ಪೆಟ್ಟಿನ ಬಲವನ್ನೂ ಗರಿಷ್ಠವಾದ 127ಕ್ಕೆ ಇಡಬೇಡಿ. ವೇಗದ ಡಬಲ್ ಕಿಕ್ ಸಾಲನ್ನು 110–120ರ ನಡುವೆ ಏರುಪೇರು ಮಾಡಿದರೆ ಕಾಲಿನಿಂದ ಹೊಡೆದಂತೆ ಕೇಳುತ್ತದೆ. ಬ್ರೇಕ್‌ಡೌನ್‌ನಲ್ಲಿ (ಹಾಡು ನಿಧಾನಗೊಂಡು ಭಾರವಾಗುವ ಭಾಗ) ತಾಳ ಅರ್ಧ ವೇಗಕ್ಕೆ ಇಳಿಯಬೇಕು: ಸ್ನೇರ್ ಮೂರನೇ ಎಣಿಕೆಗೆ, ಚೈನಾ ಸಿಂಬಲ್ ಪ್ರತಿ ಎಣಿಕೆಗೆ, ಗಿಟಾರಿನ ಪ್ರತಿ ಮ್ಯೂಟಿಗೂ ಒಂದು ಕಿಕ್. ಪೆಟ್ಟುಗಳ ನಡುವಿನ ಮೌನಕ್ಕೆ ಗೇಟ್ ನಂಬಬೇಡಿ. ಮುಚ್ಚುವಾಗ ಅದು ಪಟಪಟ ಎನ್ನುತ್ತದೆ. ಗಿಟಾರ್ ಟ್ರ್ಯಾಕುಗಳನ್ನು ಕೈಯಾರೆ ಕತ್ತರಿಸಿ, ತುದಿಗೆ 5 ಮಿಲಿಸೆಕೆಂಡ್ ಫೇಡ್ ಕೊಡಿ. ಬ್ರೇಕ್‌ಡೌನ್ ಜೋರಾಗಿ ಕೇಳುವುದು ಈ ಮೌನದಿಂದ.

ಕಂಠ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಸಲ್ಲಬೇಕಾದದ್ದು ಇಲ್ಲಿ. ಇದೇ ಆಲ್ಬಮ್ಮಿನ 'ಮೈ ಲಾಸ್ಟ್ ಸೆರನೇಡ್' ಹಾಡನ್ನು ಇಂದಿಗೂ ಕಲಿಯುತ್ತಿರುವುದು ಅದರ ರಿಫ್‌ಗಿಂತ ಹೆಚ್ಚಾಗಿ ಪಲ್ಲವಿಗಾಗಿ.

ಪಲ್ಲವಿ ಬಂದಾಗ ಗಿಟಾರ್ ಜಾಗ ಬಿಡಬೇಕು. ಕಡಿದು ಕಡಿದು ನುಡಿಸುತ್ತಿದ್ದ ರಿಫ್ ನಿಲ್ಲಿಸಿ ಎಳೆದ ಕಾರ್ಡುಗಳಿಗೆ ಬನ್ನಿ. ಇಲ್ಲದಿದ್ದರೆ ರಾಗ ಎಷ್ಟೇ ಚೆನ್ನಾಗಿದ್ದರೂ ಕೇಳಿಸುವುದಿಲ್ಲ. ಗಾಯಕ ಸಲೀಸಾಗಿ ಮುಟ್ಟುವ ಅತಿ ಮೇಲಿನ ಸ್ವರ ಯಾವುದೆಂದು ಮೊದಲು ಕಂಡುಕೊಳ್ಳಿ. ರಾಗದ ತುದಿ ಅದಕ್ಕಿಂತ ಒಂದು ಸ್ವರ ಕೆಳಗಿರಲಿ. ಕನ್ನಡದಲ್ಲಿ ಬರೆಯುವವರು ಎಳೆಯುವ ಜಾಗದಲ್ಲಿ ಆ, ಓ ಬರುವ ಹಾಗೆ ಪದ ಆರಿಸಿ. ಒತ್ತಕ್ಷರ, ಅನುಸ್ವಾರಗಳ ಮೇಲೆ ಎಳೆದರೆ ಗಂಟಲು ಕಟ್ಟುತ್ತದೆ.

ನಡುವೆ ಒಂದು ಮುಖ್ಯ ಟೇಕ್, ಅದಕ್ಕಿಂತ 6–8 ಡೆಸಿಬಲ್ ಕೆಳಗೆ ಎರಡು ಡಬಲ್ (ಅದನ್ನೇ ಮತ್ತೆ ಹಾಡಿದ ಟೇಕ್), ಅಂಚುಗಳಲ್ಲಿ ಮೂರನೇ ಸ್ವರಾಂತರದ ಹಾರ್ಮನಿ. ಡಬಲ್‌ಗಳಲ್ಲಿ ಸ, ತ, ಕ ಒಂದೇ ಕ್ಷಣಕ್ಕೆ ಬೀಳದಿದ್ದರೆ ಉಗುಳಿದಂತೆ ಕೇಳುತ್ತದೆ. ಅವನ್ನು ಮುಖ್ಯ ಟೇಕಿನಲ್ಲಷ್ಟೇ ಉಳಿಸಿ, ಉಳಿದವುಗಳಲ್ಲಿ ತಗ್ಗಿಸಿ.

ಹಾಡುವ ಭಾಗ ಮೊದಲು, ಕಿರುಚುವ ಭಾಗ ಆಮೇಲೆ. ಕಿರುಚಿದ ಮೇಲೆ ಧ್ವನಿತಂತುಗಳು ಊದಿಕೊಳ್ಳುವುದರಿಂದ ಮೇಲಿನ ಸ್ವರಗಳು ಒಡೆಯುತ್ತವೆ. ಕಿರುಚಲು ಶೂರ್ ಎಸ್‌ಎಂ58ನಂಥ ಡೈನಾಮಿಕ್ ಮೈಕ್ ಸಾಕು. ಬಾಯಿಂದ 8–10 ಸೆಂಟಿಮೀಟರ್ ದೂರ, ಅಂಗೈಯಿಂದ ಮುಚ್ಚಬೇಡಿ. ಸದ್ದು ಹೊಟ್ಟೆಯ ಉಸಿರಿನ ಒತ್ತಡದಿಂದ ಬರಲಿ, ಗಂಟಲು ಬಿಗಿಯುವುದರಿಂದಲ್ಲ. ಸರಿಯಾಗಿ ಕಿರುಚಿದ್ದು ಕೋಣೆಯಲ್ಲಿ ಅಷ್ಟೇನೂ ಜೋರಾಗಿರುವುದಿಲ್ಲ, ದೊಡ್ಡದಾಗಿಸುವುದು ಕಂಪ್ರೆಸರ್. 20 ನಿಮಿಷಕ್ಕೊಮ್ಮೆ ಬಿಡುವು ಕೊಡಿ. ಉರಿ ಅಥವಾ ನೋವು ಕಂಡರೆ ಅವತ್ತಿನ ಕೆಲಸ ಅಲ್ಲಿಗೆ ಮುಗಿಯಿತು. ಲೀಚ್ ಈ ಆಲ್ಬಮ್ ಬಂದ ವರ್ಷವೇ ತಂಡ ಬಿಟ್ಟ. ಖಿನ್ನತೆಯ ಜೊತೆಗೆ ಪ್ರವಾಸದಲ್ಲಿ ಕೈಕೊಟ್ಟ ಗಂಟಲೂ ಅದಕ್ಕೆ ಕಾರಣ. 2012ರಲ್ಲಿ ಮರಳಿದ ಮೇಲೆ, 2018ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಳ್ಳಬೇಕಾಯಿತು.

ಮಿಕ್ಸ್ ಬೇರೆಯವರಿಗೆ ಕೊಡಿ

ಡಟ್ಕೆವಿಚ್‌ಗೆ ಸ್ಟುಡಿಯೊ ಕೆಲಸ ಚೆನ್ನಾಗಿಯೇ ಗೊತ್ತಿತ್ತು. ಮುಂದೆ ಅನ್‌ಅರ್ಥ್‌ನ 'ದಿ ಆನ್‌ಕಮಿಂಗ್ ಸ್ಟಾರ್ಮ್' (2004), ಪಾರ್ಕ್‌ವೇ ಡ್ರೈವ್‌ನ 'ಕಿಲ್ಲಿಂಗ್ ವಿತ್ ಎ ಸ್ಮೈಲ್' (2005), ಆಲ್ ದಟ್ ರಿಮೇನ್ಸ್‌ನ 'ದಿ ಫಾಲ್ ಆಫ್ ಐಡಿಯಲ್ಸ್' (2006) ಅವನ ಕೈಯಲ್ಲೇ ತಯಾರಾದವು. ಒಂದು ಆಲ್ಬಮ್ಮಿನ ಪಾಠ ಒಂದು ಪೀಳಿಗೆಗೇ ಹರಡಿದ್ದು ಹೀಗೆ. ಅಂಥವನೂ ಇದರ ಮಿಕ್ಸನ್ನು ಸ್ನೀಪ್‌ಗೆ ಒಪ್ಪಿಸಿದ್ದ. ನುಡಿಸಿದವರ ಕಿವಿ ತಮ್ಮ ವಾದ್ಯವನ್ನೇ ಹುಡುಕುತ್ತದೆ.

ಕಳಿಸುವಾಗ ಪ್ರತಿ ಟ್ರ್ಯಾಕೂ ಹಾಡಿನ ಸೊನ್ನೆಯಿಂದಲೇ ಶುರುವಾಗುವ 24 ಬಿಟ್ ವೇವ್ ಫೈಲ್ ಆಗಿರಲಿ. ಅತಿ ಜೋರಿನ ಜಾಗದಲ್ಲೂ ಮಟ್ಟ ಮೈನಸ್ 6 ಡೆಸಿಬಲ್ ದಾಟದಿರಲಿ, ಮಾಸ್ಟರ್ ಮೇಲಿನ ಲಿಮಿಟರ್ ತೆಗೆಯಿರಿ. ಡಿಐ ಫೈಲುಗಳು, ಡ್ರಮ್ಸ್‌ನ ಮಿಡಿ, ಟೆಂಪೊ ಬದಲಾಗುವ ಜಾಗಗಳ ಪಟ್ಟಿ ಜೊತೆಗಿರಲಿ. ನಿಮ್ಮದೇ ಕಚ್ಚಾ ಮಿಕ್ಸ್ ಒಂದನ್ನೂ ಸೇರಿಸಿ, ಯಾವ ಹಾರ್ಮನಿ ಎಷ್ಟು ಕೇಳಿಸಬೇಕು ಎಂಬುದು ಮಿಕ್ಸ್ ಮಾಡುವವರಿಗೆ ಅದರಿಂದಲೇ ತಿಳಿಯುತ್ತದೆ.